ಹೊಳೆ ನೀರಿನ ಲೆಕ್ಕದಿಂದ ಅರ್ಥಶಾಸ್ತ್ರಕ್ಕೆ

ಅಘನಾಶಿನಿ ಹೊಳೆ ಕುಮಟಾ ಹತ್ತಿರ ಸಮುದ್ರ ಸೇರುವ ಕಡೆ ನಮ್ಮ ಮನೆ. ಅಪ್ಪ ಗಜನಿಯ, ಅಂದರೆ ಹೊಳೆ ಪಕ್ಕದ ತಗ್ಗು ಗದ್ದೆಗಳ, ಕಟ್ಟೆಯ ಮಣ್ಣು ಕೆಲಸಕ್ಕೆ ಹೋಗುತ್ತಿದ್ದರು. ಅವ್ವಿ ನೀರು ಇಳಿದಾಗ ಹೊಳೆಗೆ ಇಳಿದು ಬಳಚು (ಚಿಪ್ಪುಮೀನು) ಹೆಕ್ಕಿ ಮಾರುತ್ತಿದ್ದಳು. ನಾನು ಈಗ ಮಾಡುವುದು ಅಭಿವೃದ್ಧಿ ಅರ್ಥಶಾಸ್ತ್ರದ ಕೆಲಸ. ಒಂದು ಯೋಜನೆಯಿಂದ ಯಾರಿಗೆ ಏನು ಸಿಕ್ಕಿತು, ಯಾರ ಕೈ ತಪ್ಪಿತು ಎಂದು ಮನೆಮನೆಗೆ ಹೋಗಿ ಕೇಳಿ ಲೆಕ್ಕ ಹಾಕುವುದು. ಊರ ಕಡೆಯ ಮಕ್ಕಳು ಆಗಾಗ ಕೇಳುತ್ತಾರೆ, "ಅಕ್ಕೋರೆ, ನೀವು ಈ ಕೆಲ್ಸಕ್ಕೆ ಹ್ಯಾಂಗೆ ಬಂದ್ರಿ?" ಎಂದು. ಅವರಿಗೆಂದೇ ಬರೆಯುತ್ತಿದ್ದೇನೆ.

ಕನ್ನಡ ಶಾಲೆ, ಆಮೇಲೆ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಬಿಎ. ಅರ್ಥಶಾಸ್ತ್ರ ಹಿಡಿಸಿದ್ದು ಭೂಸುಧಾರಣೆಯ ಪಾಠದಲ್ಲಿ. 1974ರ ತಿದ್ದುಪಡಿ ಆದ ಮೇಲೆ ಗೇಣಿ ಮಾಡುತ್ತಿದ್ದವರು ಡಿಕ್ಲರೇಶನ್ ಹಾಕಿದರು, ಅಂದರೆ ಉಳುವ ಜಮೀನು ತಮಗೆ ಬೇಕೆಂದು ಅರ್ಜಿ ಕೊಟ್ಟರು. ಭೂನ್ಯಾಯ ಮಂಡಳಿಯಲ್ಲಿ ಜಮೀನು ಅವರ ಹೆಸರಿಗೆ ಆಯಿತು. ಗೇಣಿದಾರರೇ ಜಾಸ್ತಿ ಇದ್ದ ನಮ್ಮ ಕಡೆ ಇದು ಬಹಳ ದೊಡ್ಡ ಬದಲಾವಣೆ. ಎಷ್ಟೋ ಮನೆಗಳು ಅದರಿಂದಲೇ ತಲೆ ಎತ್ತಿದವು. ಆದರೆ ನಮ್ಮಪ್ಪ ಗೇಣಿದಾರರಲ್ಲ, ಕೂಲಿಯವರು. ಅರ್ಜಿ ಹಾಕಲಿಕ್ಕೆ ಅವರ ಬಳಿ ಏನೂ ಇರಲಿಲ್ಲ. ಒಳ್ಳೆಯ ಕಾನೂನೇ ಆದರೂ ಅದು ಎಲ್ಲಿಯವರೆಗೆ ತಲುಪುತ್ತದೆ, ಎಲ್ಲಿ ನಿಂತುಬಿಡುತ್ತದೆ? ಆ ಪ್ರಶ್ನೆ ನನ್ನನ್ನು ಆಗ ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಎಂಎ ಓದಲು ಧಾರವಾಡಕ್ಕೆ ಹೋದೆ. ಅಲ್ಲಿ ಕಷ್ಟ ಕೊಟ್ಟದ್ದು ಇಂಗ್ಲಿಷ್ ಮತ್ತು ಗಣಿತ. ಇಂಗ್ಲಿಷಿಗೆ ನಾನು ಕಂಡುಕೊಂಡ ದಾರಿ ಹೀಗೆ. ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಅದರ ವಾದವನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬರೆಯಲು ಬಂದರೆ ತಿಳಿದಿದೆ ಎಂದು ಅರ್ಥ, ಬರದಿದ್ದರೆ ಮತ್ತೆ ಓದು. ನಿಧಾನದ ಕೆಲಸ, ಆದರೆ ಗಟ್ಟಿ. ಗಣಿತಕ್ಕೆ ಪಿಯುಸಿ ವಿಜ್ಞಾನದ ಪುಸ್ತಕ ತಂದು ಮೊದಲಿನಿಂದ ಕೂತೆ. ಕಲಾ ವಿಭಾಗದಿಂದ ಬಂದವರು ಇದನ್ನು ಖಂಡಿತ ಬಿಡಬಾರದು. ಕಲನಶಾಸ್ತ್ರ (ಕ್ಯಾಲ್ಕುಲಸ್) ಎಂದು ಕೇಳಿಯೇ ಹೆದರುತ್ತಾರೆ. ಇನ್ನೊಂದು ಬುಟ್ಟಿ ಬಳಚು ಬೇಕೆಂದರೆ ಇನ್ನೆಷ್ಟು ಹೊತ್ತು ನೀರಲ್ಲಿ ನಿಲ್ಲಬೇಕು? ಮೊದಲ ಬುಟ್ಟಿ ಬೇಗ ತುಂಬುತ್ತದೆ, ಕೊನೆಯದು ತುಂಬುವುದೇ ಇಲ್ಲ. ಅವಕಲನ ಎಂದರೆ ಆ 'ಇನ್ನೊಂದು ಬುಟ್ಟಿ'ಯ ಲೆಕ್ಕವೇ ಅಲ್ವಾ?

ಧೈರ್ಯ ಕೊಟ್ಟವರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಒಬ್ಬರು. ಕೆರಿಬಿಯನ್ನಿನ ಸೇಂಟ್ ಲೂಸಿಯಾ ಎಂಬ ಸಣ್ಣ ದ್ವೀಪದವರು. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು, ಐದು ಗಂಡುಮಕ್ಕಳನ್ನು ತಾಯಿಯೇ ಸಾಕಿದರು. ಹದಿನಾಲ್ಕಕ್ಕೇ ಶಾಲೆ ಮುಗಿಸಿ ಗುಮಾಸ್ತರಾಗಿದ್ದ ಲೂಯಿಸ್ ಸ್ಕಾಲರ್‌ಶಿಪ್ ಹಿಡಿದು ಲಂಡನ್ನಿಗೆ ಹೋದರು, 1979ರಲ್ಲಿ ನೊಬೆಲ್ ಪಡೆದರು. ಹಳ್ಳಿಯ ಹೆಚ್ಚುವರಿ ಕೆಲಸಗಾರರು ಕಾರ್ಖಾನೆಗೆ ಹೋಗುತ್ತಾ ಆರ್ಥಿಕತೆ ಹೇಗೆ ಬೆಳೆಯುತ್ತದೆ ಎಂದು ಅವರು 1954ರಲ್ಲೇ ವಿವರಿಸಿದ್ದರು. ಪೂರ್ತಿ ಒಪ್ಪುವುದಿಲ್ಲ ನಾನು. ನಮ್ಮೂರಲ್ಲಿ 'ಹೆಚ್ಚುವರಿ' ಎನ್ನುವಂಥ ಹೆಂಗಸರು ಯಾರೂ ಕಾಣಲಿಲ್ಲ. ನೀರು ಇಳಿದಾಗ ಹೊಳೆ, ನೀರು ಏರಿದಾಗ ಮನೆ, ಕೊಯ್ಲಿನಲ್ಲಿ ಗದ್ದೆ.

ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿತು. ಅದಿಲ್ಲದಿದ್ದರೆ ಪಿಎಚ್‌ಡಿ ಮಾತೇ ಇರಲಿಲ್ಲ, ಮನೆಗೂ ಅದರಲ್ಲೇ ದುಡ್ಡು ಕಳಿಸಬೇಕಿತ್ತು. ಬೆಂಗಳೂರಿನ ನಾಗರಬಾವಿಯಲ್ಲಿ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಎಂಬ ಸಂಶೋಧನಾ ಸಂಸ್ಥೆಗೆ ಸೇರಿದೆ. ಅದು ಬಡತನದ ಅಂಕಿಗಳ ಮೇಲೆ ದೊಡ್ಡ ಜಗಳ ನಡೆಯುತ್ತಿದ್ದ ಹೊತ್ತು. ಸರ್ಕಾರಿ ಲೆಕ್ಕದಲ್ಲಿ 1993-94ರಲ್ಲಿ ಶೇ. 36ರಷ್ಟಿದ್ದ ಬಡತನ 1999-2000ಕ್ಕೆ ಶೇ. 26ಕ್ಕೆ ಇಳಿದಿತ್ತು. ಆದರೆ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಎನ್‌ಎಸ್‌ಎಸ್, ಆ ವರ್ಷದ ತನ್ನ 55ನೇ ಸುತ್ತಿನಲ್ಲಿ ಊಟದ ಖರ್ಚನ್ನು ಒಂದೇ ಮನೆಯಲ್ಲಿ ಎರಡು ರೀತಿ ಕೇಳಿತ್ತು. ಕಳೆದ 7 ದಿನದ್ದು, ಕಳೆದ 30 ದಿನದ್ದು. ಒಂದು ಉತ್ತರ ಇನ್ನೊಂದನ್ನು ಎಳೆಯುತ್ತದೆ. ಹಾಗಾಗಿ ಬೇರೆ ರೀತಿ ಕೇಳಿ ಪಡೆದ ಹಳೆಯ ಅಂಕಿಯ ಪಕ್ಕ ಹೊಸದನ್ನು ಇಡುವುದು ಸರಿಯೇ? ಮುಂದೆ 2015ರಲ್ಲಿ ನೊಬೆಲ್ ಪಡೆದ ಆಂಗಸ್ ಡೀಟನ್ ಕೂಡ ಈ ಚರ್ಚೆಯಲ್ಲಿದ್ದರು.

ಉಳಿದವರಿಗೆ ಅದು ಸಂಖ್ಯಾಶಾಸ್ತ್ರದ ಮಾತು. ನನಗೆ ಅವ್ವಿಯ ಪಿಗ್ಮಿ ಕಾರ್ಡು ನೆನಪಾಯಿತು, ದಿನದಿನದ ಸಣ್ಣ ಉಳಿತಾಯ ಬರೆದಿಡುವ ಕಾರ್ಡು.

ಆ ರಜೆಯಲ್ಲಿ ಊರಿಗೆ ಹೋಗಿ ಟ್ರಂಕಿನಿಂದ ಹಳೆಯ ಕಾರ್ಡುಗಳನ್ನು ತೆಗೆದು ಹರವಿದೆ. ಪಕ್ಕದಲ್ಲಿ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಸಾಲಾಗಿ ಜಮಾ ಇದೆ. ಅಷ್ಟಮಿ ಹತ್ತಿರ ಬಂದಂತೆ ಕಾರ್ಡಿನ ಚೌಕಗಳು ಖಾಲಿ. ಜೂನ್-ಜುಲೈನಲ್ಲಿ ಪುಟಕ್ಕೆ ಪುಟವೇ ಖಾಲಿ. ಕಾರಣ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಅಮಾವಾಸ್ಯೆ-ಹುಣ್ಣಿಮೆಗೆ ನೀರು ಚೆನ್ನಾಗಿ ಇಳಿಯುತ್ತದೆ, ಬಳಚಿನ ದಿಬ್ಬ ಮೇಲೆ ಬರುತ್ತದೆ. ಅಷ್ಟಮಿಗೆ ಅಷ್ಟು ಇಳಿಯುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ನೀರು ತುಂಬಿ ಬರುತ್ತದೆ, ಹೊಳೆಗೆ ಇಳಿಯುವಂತಿಲ್ಲ. ಈ ಮನೆಗೆ ಹೋಗಿ 'ಕಳೆದ 7 ದಿನ' ಎಂದು ಕೇಳಿದರೆ, ಹುಣ್ಣಿಮೆ ಕಳೆದ ಮೇಲೆ ಹೋದವರಿಗೆ ಅವ್ವಿ ಅನುಕೂಲಸ್ಥೆ, ಅಷ್ಟಮಿ ಕಳೆದ ಮೇಲೆ ಹೋದವರಿಗೆ ಕಡುಬಡವಿ. ಮನೆ ಒಂದೇ.

ನನ್ನ ಪ್ರಶ್ನಾವಳಿ ಹುಟ್ಟಿದ್ದು ಆ ಕಾರ್ಡುಗಳಿಂದ. ತಿಂಗಳ ಆದಾಯ ಕೇಳುವುದನ್ನು ಬಿಟ್ಟೆ. ದೊಡ್ಡ ಇಳಿತದ ದಿನಗಳು, ಸಣ್ಣ ಇಳಿತದ ದಿನಗಳು, ಮಳೆಗಾಲ, ಹೀಗೆ ಬೇರೆ ಬೇರೆ ಕೇಳಿ ವರ್ಷಕ್ಕೆ ಕೂಡಿಸಿದೆ. ಮೊದಲು ಒಬ್ಬರು ಹೇಳಿದ್ದರು, "ತಿಂಗ್ಳಿಗೆ ಎಷ್ಟು ಅಂದ್ರೆ ಹ್ಯಾಂಗೆ ಹೇಳುದು ತಂಗಿ? ನೀರು ಕೇಳು, ಹೇಳ್ತೆ." ಹಾಗೆ ಕೇಳಿದ್ದೇ ತಡ, ಲೆಕ್ಕ ಸರಾಗ ಬಂತು. ಒಬ್ಬೊಬ್ಬರ ಬುಟ್ಟಿ ಒಂದೊಂದು ಅಳತೆ, ಅದಕ್ಕೇ ತಕ್ಕಡಿ ಒಯ್ದು ಆಯಾ ಮನೆಯ ಬುಟ್ಟಿಯನ್ನೇ ತೂಗಿದೆ. ಮನೆಗೆ ಸಾರಿಗೆ ಇಟ್ಟುಕೊಂಡ ಬಳಚಿಗೂ ಪೇಟೆ ದರ ಹಾಕಿದೆ. ಭೇಟಿಯ ಹೊತ್ತೂ ಮುಖ್ಯ. ನೀರು ಇಳಿದಾಗ ಹೋದರೆ ಮನೆಯಲ್ಲಿ ಸಿಗುವುದು ಮುದುಕರು, ಮಕ್ಕಳು ಮಾತ್ರ.

ಪ್ರಬಂಧದ ವಿಷಯ ಗಜನಿ. ಉಪ್ಪುನೀರು ತಡೆಯಲು ಕಟ್ಟೆ ಹಾಕಿದ ತಗ್ಗು ಗದ್ದೆಗಳು. ಮಳೆಗಾಲದಲ್ಲಿ ಕಗ್ಗ ಭತ್ತ. ಅದು ಉಪ್ಪಿಗೂ ನೆರೆಗೂ ಜಗ್ಗದ ತಳಿ, ಗೊಬ್ಬರ ಬೇಡ, ಎತ್ತರಕ್ಕೆ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ಆಮೇಲೆ ಸಿಗಡಿಗೆ ರಫ್ತಿನ ಬೆಲೆ ಬಂತು, ಗಜನಿಗಳು ಗುತ್ತಿಗೆಗೆ ಹೋದವು. ಉಪ್ಪುನೀರು ಜಾಸ್ತಿ ದಿನ ನಿಂತಿತು, ಕಗ್ಗ ಹಿಂದೆ ಸರಿಯಿತು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಸಿಗಡಿಯನ್ನು ಹೊಡೆಯಿತು. ಎಕರೆಗೆ ಎಷ್ಟು ಎಂದು ಮಾತ್ರ ನೋಡಿದರೆ ಒಳ್ಳೆಯ ವರ್ಷದಲ್ಲಿ ಸಿಗಡಿಯೇ ಲಾಭ. ನಾನು ನೋಡಿದ್ದು ಯಾರಿಗೆ ಎಂದು. ಗುತ್ತಿಗೆ ಹಣ ಜಮೀನಿದ್ದವರಿಗೆ ಹೋಯಿತು. ಕೊಯ್ಲಿಗೆ ಹೋಗಿ ಭತ್ತ ತರುತ್ತಿದ್ದ ಹೆಂಗಸರಿಗೆ ಆ ಭತ್ತ ತಪ್ಪಿತು, ಕಟ್ಟೆಯೊಳಗೆ ಬಲೆ ಬೀಸುತ್ತಿದ್ದವರಿಗೆ ದಾರಿ ಮುಚ್ಚಿತು. ಸರಾಸರಿ ಏರಿತು, ನಮ್ಮ ಕೇರಿ ಇಳಿಯಿತು.

ಇದೇ ಕಾರಣಕ್ಕೆ, ರಾಜ್ಯದ ಪ್ರಾದೇಶಿಕ ಅಸಮಾನತೆ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಗೌರವದಿಂದ ಓದುತ್ತೇನೆ, ಜೊತೆಗೆ ಒಂದು ತಕರಾರೂ ಇದೆ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಅದು ಗುರುತಿಸಿತು. ಹಣ ಎಲ್ಲಿಗೆ ಹೋಗಬೇಕು ಎಂಬ ವಾದಕ್ಕೆ ಅಂಥ ಆಧಾರ ಅಲ್ಲಿಯವರೆಗೆ ಇರಲಿಲ್ಲ. ಆದರೆ ತಾಲ್ಲೂಕಿನ ಅಂಕಿಯಲ್ಲಿ ಪೇಟೆಯೂ ಹೊಳೆದಂಡೆಯ ಕೇರಿಯೂ ಸೇರಿಹೋಗುತ್ತವೆ. ಕೇರಿಯ ಮಟ್ಟಕ್ಕೆ ಇಳಿಯದೆ ಬಡತನ ಕಾಣುವುದಿಲ್ಲ.

ಅಘನಾಶಿನಿ ಅಳಿವೆಯ ತದಡಿಯಲ್ಲಿ 4000 ಮೆಗಾವಾಟ್‌ನ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಜನ ವಿರೋಧಿಸಿ, ಕೈಬಿಟ್ಟದ್ದು ಹಲವರಿಗೆ ನೆನಪಿರಬಹುದು. ಇಂಥ ಯೋಜನೆ ಬಂದಾಗ ಹೋಗುವ ಜಮೀನಿಗೆ ಬೆಲೆ ಕಟ್ಟುತ್ತಾರೆ. ಬಳಚಿನ ದಿಬ್ಬಕ್ಕೆ ಪಹಣಿ ಇಲ್ಲ, ಹಾಗಾಗಿ ಅದರ ಬೆಲೆ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಸರಿಯಾದ ಅಂಕಿ ಬರೆಯುವುದೇ ನನ್ನ ಕೆಲಸದ ಅರ್ಧ ಭಾಗ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಖುಷಿಯೇ. ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಲೆಕ್ಕ ಮಾಡುವವರು ಬರುತ್ತಾರೆ, ಬರಲಿ. ಜೊತೆಗೆ ಹೆಕ್ಕುವ ಹೆಂಗಸರ ಲೆಕ್ಕವೂ ಆಗಬೇಕು. ಈಗ ಅದಕ್ಕೆ ಊರಿನ ಬಿಎ ಹುಡುಗಿಯರನ್ನೇ ಸಂಬಳ ಕೊಟ್ಟು ತಯಾರು ಮಾಡುತ್ತಿದ್ದೇನೆ. ಮೊದಲು ಪಂಚಾಂಗ ನೋಡಿ ಭೇಟಿಯ ದಿನ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಫಾರಂ ತೆಗೆಯುತ್ತಾರೆ. ಕುಮಟಾ, ಹೊನ್ನಾವರದ ಕಡೆಯವರು ಯಾರಾದರೂ ಇದಕ್ಕೆ ಬರುವ ಮನಸ್ಸಿದ್ದರೆ ಗಣಿತದ ಪುಸ್ತಕ ಈಗಲೇ ತೆಗೆಯಿರಿ. ಹೊಳೆಯ ಲೆಕ್ಕ ಹೇಗೂ ನಿಮಗೆ ಗೊತ್ತೇ ಇದೆ.