ಕೆಸರಿನಲ್ಲಿ ಮಲಗಿದ ಪಾಚಿಯನ್ನು ಎಬ್ಬಿಸಲು ಹೋಗಿ: ನನ್ನ ಅನುಭವ

1983ರಲ್ಲಿ ಮಂಗಳೂರಿನ ಕಡೆ ಮರುವಾಯಿ (ಚಿಪ್ಪಿನೊಳಗಿನ ಮೃದ್ವಂಗಿ) ತಿಂದವರು ಕಾಯಿಲೆ ಬಿದ್ದಿದ್ದರು. ವಿಷ ಬಂದದ್ದು ಮರುವಾಯಿಗೆ ಆಹಾರವಾಗುವ ಸೂಕ್ಷ್ಮ ಪಾಚಿಯಿಂದ. ಇಂಥ ಪಾಚಿಗಳಲ್ಲಿ ಹಲವು ಜಾತಿಗಳು ವರ್ಷದ ಎಲ್ಲ ಕಾಲದಲ್ಲೂ ನೀರಿನಲ್ಲಿ ಇರುವುದಿಲ್ಲ. ಗಟ್ಟಿ ಹೊದಿಕೆಯ ಸಿಸ್ಟ್ ಆಗಿ, ಬೀಜದ ಹಾಗೆ, ತಳದ ಕೆಸರಿನಲ್ಲಿ ಮಲಗಿರುತ್ತವೆ. ಅವನ್ನು ಎಬ್ಬಿಸುವುದು ಯಾವುದು? ಅದನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು.

ನಾನು ಶುರು ಮಾಡಿದ್ದು ಸ್ಕ್ರಿಪ್ಸಿಯೆಲ್ಲಾ ಎಂಬ ಸೂಕ್ಷ್ಮ ಪಾಚಿಯಿಂದ. ಅದರಲ್ಲಿ ಮರುವಾಯಿ ವಿಷ ಇಲ್ಲ. ಸಿಸ್ಟಿನ ಮೇಲೆ ಸುಣ್ಣದ ಮುಳ್ಳುಗಳಿರುವುದರಿಂದ ಗುರುತು ಹಿಡಿಯುವುದೂ ಸುಲಭ. ಕೆಸರಿನ ಮೇಲ್ಪದರವನ್ನಷ್ಟೇ ತೆಗೆದು, ಬೆಳಕು ಹೋಗದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿ ಇಟ್ಟೆ. ಆಮೇಲೆ 125 ಮೈಕ್ರಾನ್ ಜರಡಿ, ಅದರ ಕೆಳಗೆ 20 ಮೈಕ್ರಾನ್ ಜರಡಿ. ತೊಳೆಯಲು ಸೋಸಿದ ಸಮುದ್ರದ ನೀರೇ ಬೇಕು, ನಲ್ಲಿ ನೀರು ಬೇಡವೇ ಬೇಡ. ಗಾಜಿನ ಪಿಪೆಟ್ಟಿನ ತುದಿಯನ್ನು ಬೆಂಕಿಯಲ್ಲಿ ಎಳೆದು ಸಪೂರ ಮಾಡಿ, ಒಂದೊಂದೇ ಸಿಸ್ಟ್ ಎತ್ತಿ 96 ಗುಂಡಿಯ ತಟ್ಟೆಗೆ ಬಿಟ್ಟೆ. ಕುತ್ತಿಗೆ ನೋವು ಬರುವ ಕೆಲಸ. ಆದರೆ ಯಾವ ಸಿಸ್ಟ್ ಏನಾಯಿತು ಅಂತ ಖಚಿತವಾಗಿ ಹೇಳಲು ಬೇರೆ ದಾರಿ ಇಲ್ಲ.

ಮೊದಲ ಸುತ್ತಿನಲ್ಲಿ ಕತ್ತಲಲ್ಲಿಟ್ಟ ತಟ್ಟೆಯಲ್ಲೂ ಮೊಳಕೆ ಬಂತು. ಬೆಳಕು ಬೇಕಿಲ್ಲ ಅಂತ ಬರೆದೂಬಿಟ್ಟೆ. ಒಂದು ವಾರ ಕಳೆದ ಮೇಲೆ ಹೊಳೆಯಿತು: ದಿನಾ ಫಾಯಿಲ್ ಬಿಚ್ಚಿ ಮೈಕ್ರೋಸ್ಕೋಪಿನ ದೀಪದ ಕೆಳಗೆ ನೋಡುತ್ತಿದ್ದವನು ನಾನೇ ಅಲ್ವಾ! ಕೆಲವು ಜಾತಿಗಳಿಗೆ ಕ್ಷಣಮಾತ್ರದ ಬೆಳಕೂ ಸಾಕು. ಸಿಸ್ಟ್ ಎತ್ತುವಾಗಲೂ ಬೆಳಕು ಬಿದ್ದಿತ್ತು. ಮುಂದಿನ ಸಲ ಆ ಕೆಲಸವನ್ನೆಲ್ಲ ಮಂದ ಬೆಳಕಿನಲ್ಲಿ ಮಾಡಿದೆ. ಪ್ರತಿ ದಿನದ ಲೆಕ್ಕಕ್ಕೆ ಬೇರೆಬೇರೆ ತಟ್ಟೆ ಇಟ್ಟೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಕತ್ತಲಿಗೆ ಸೇರಿಸಲಿಲ್ಲ. ಆಗ ಕತ್ತಲಿನ ತಟ್ಟೆಗಳಲ್ಲಿ ಮೊಳಕೆ ತುಂಬಾ ಕಡಿಮೆಯಾಯಿತು.

ಲೆಕ್ಕ ಹಾಕುವಾಗ ಈಜುವ ಕೋಶವನ್ನು ಮಾತ್ರ ಹುಡುಕಬೇಡಿ. ಹೊರಬಂದ ಕೋಶ ಸತ್ತಿರಬಹುದು. ತೂತು ಬಿದ್ದ ಖಾಲಿ ಚಿಪ್ಪೂ ಮೊಳಕೆಯ ಗುರುತೇ.

ಗೊಬ್ಬರದ ವಿಷಯದಲ್ಲಿ ನನ್ನ ಊಹೆ ತಪ್ಪಿತು. ನೈಟ್ರೇಟ್, ಫಾಸ್ಫೇಟ್ ಜಾಸ್ತಿ ಹಾಕಿದರೂ ಮೊಳಕೆ ಹೆಚ್ಚಲಿಲ್ಲ. ಸಿಸ್ಟಿನೊಳಗೆ ಪಿಷ್ಟ, ಎಣ್ಣೆಯ ಬುತ್ತಿ ಮೊದಲೇ ಇರುತ್ತದೆ. ಹೊರಬಂದ ಕೋಶ ಬದುಕಿ ಬೆಳೆಯಲು ಮಾತ್ರ ಗೊಬ್ಬರ ಬೇಕು. ಉಷ್ಣತೆ ಹಾಗಲ್ಲ. ಜಾತಿಗೆ ಒಗ್ಗುವ ಮಿತಿ ದಾಟಿದರೆ ಮೊಳಕೆ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಇನ್ನು ಹೊಸದಾಗಿ ರೂಪುಗೊಂಡ ಸಿಸ್ಟ್ ಏನು ಕೊಟ್ಟರೂ ಏಳುವುದಿಲ್ಲ. ಕೆಲವಕ್ಕೆ ವಾರಗಳ, ಕೆಲವಕ್ಕೆ ತಿಂಗಳುಗಳ ಕಡ್ಡಾಯ ನಿದ್ದೆ ಇದೆ. ಅದು ಗೊತ್ತಿಲ್ಲದೆ ಒಂದು ತಟ್ಟೆಯನ್ನು ಸುಮ್ನೆ ಸತ್ತಿದೆ ಅಂತ ಎಸೆದಿದ್ದೆ. ಈಗಲೂ ಬೇಸರವಾಗುತ್ತದೆ.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆಕ್ಸಿಜನ್ ಪ್ರಯೋಗ. ಸಮುದ್ರದ ನೀರಿಗೆ ನೈಟ್ರೋಜನ್ ಹಾಯಿಸಿ ಆಕ್ಸಿಜನ್ ಓಡಿಸಿ, ಸಿಸ್ಟ್ ಹಾಕಿ ಬಿಗಿಯಾಗಿ ಮುಚ್ಚಿದೆ. ಬೆಳಕಿತ್ತು, ಬೆಚ್ಚಗೂ ಇತ್ತು. ಆದರೂ ಒಂದೂ ಏಳಲಿಲ್ಲ. ಅದೇ ಸಿಸ್ಟ್‌ಗಳನ್ನು ಗಾಳಿಯಾಡುವ ನೀರಿಗೆ ಹಾಕಿದ ಮೇಲೆ ಒಂದೊಂದಾಗಿ ಚಿಪ್ಪು ಬಿಟ್ಟು ಹೊರಬಂದವು. ಹೂತ ಕೆಸರಿನಲ್ಲಿ ಆಕ್ಸಿಜನ್ನೂ ಇಲ್ಲ, ಬೆಳಕೂ ಇಲ್ಲ. ಮಳೆಗಾಲದ ಅಲೆ, ಟ್ರಾಲ್ ಬಲೆ, ಹೂಳೆತ್ತುವ ಯಂತ್ರ ಆ ಕೆಸರನ್ನು ಕಲಕಿದಾಗ ಎರಡೂ ಒಟ್ಟಿಗೆ ಸಿಗುತ್ತವೆ. ಈಗ ನಾನು ಕೆಸರು ತರುವಾಗ ಜಾಗದ ಹೆಸರಿನ ಜೊತೆಗೆ ಅಲ್ಲಿ ಇತ್ತೀಚೆಗೆ ತಳ ಕಲಕಿದೆಯೇ ಅಂತ ದೋಣಿಯವರನ್ನು ಕೇಳಿ ಡಬ್ಬಿಯ ಮೇಲೆ ಬರೆದಿಡುತ್ತೇನೆ.