ರಿಮೋಟಿನ ನಾಲ್ಕನೆಯ ಗುಂಡಿ

ನಮ್ಮ ಗದ್ದೆಗೆ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ. ಮಂಡ್ಯದಿಂದ 12 ಕಿ.ಮೀ. ದೂರದ ಊರು ನಮ್ಮದು. ನಾಲೆಯ ಏರಿಯ ಕೊನೆಯಲ್ಲಿ ಕಾರು ನಿಲ್ಲಿಸಿ, ಬದುವಿನ ಮೇಲೆ ನಡೆದು ಹೋಗಿ ಮೋಟಾರು ಹಾಕಿ ಹಿಂದಿರುಗಬೇಕು. ಕೈಯಲ್ಲಿ ಟಾರ್ಚು ಇರುತ್ತದೆ, ನಿಜ. ಆದರೆ ಆಳೆತ್ತರದ ಕಬ್ಬಿನ ನಡುವೆ ಅದರ ಬೆಳಕು ನಾಲ್ಕು ಹೆಜ್ಜೆಗೆ ಮುಗಿದುಹೋಗುತ್ತದೆ. ಕೊಳಕುಮಂಡಲ ಮಲಗಿರುವುದು ಐದನೆಯ ಹೆಜ್ಜೆಯಲ್ಲಿ. ದೂರದಿಂದಲೇ ಗುಂಡಿ ಒತ್ತಿದರೆ ಕಾರಿನ ದೀಪ ಹತ್ತಿಕೊಂಡು ಬದುವಿನ ಉದ್ದಕ್ಕೂ ಬೆಳಕು ಬೀಳಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಹೀಗೆ. ಏರಿಯ ಮೇಲೆ ಕಾರು ತಿರುಗಿಸುವಾಗಲೂ ನೆಲ ಕಾಣಬೇಕು. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಾಲೆಯ ಅಂಚನ್ನು ಯಾರೂ ಹಗುರವಾಗಿ ನೋಡುವುದಿಲ್ಲ.

ಕಾರು ಹಳೆಯ ಆಲ್ಟೊ. ಅದಕ್ಕೆ ರಿಮೋಟ್ ಲಾಕಿನ ಕಿಟ್ ಹಾಕಿಸಿದ್ದೆ. ರಿಮೋಟಿನಲ್ಲಿ ನಾಲ್ಕು ಗುಂಡಿ. ಮೂರಕ್ಕೆ ಕೆಲಸವಿತ್ತು, ನಾಲ್ಕನೆಯದು ಖಾಲಿ. ಒಂದು ಅಂಗಡಿಯಲ್ಲಿ ಬಂಪರಿನ ಕೆಳಗೆ ಎರಡು ಫಾಗ್ ಲ್ಯಾಂಪ್ ಕೂಡಿಸಿ, ಸದ್ಯಕ್ಕೆ ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿಗೆ ಜೋಡಿಸಿಕೊಟ್ಟರು. ಮೊದಲ ವಾರ ಬೆಳಕು ಮಂಕಾಗಿತ್ತು. ಎರಡನೆಯ ವಾರ ಸ್ಟೀರಿಂಗಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ಮುಚ್ಚಳ ಬಿಚ್ಚಿ ನೋಡಿದರೆ, ಪಾರ್ಕಿಂಗ್ ದೀಪದ ಎಳೆಯಂಥ ವೈರನ್ನು ಸುಲಿದು, ಅದಕ್ಕೆ ಎರಡೂ ಲ್ಯಾಂಪಿನ ವೈರು ಸುತ್ತಿ ಟೇಪು ಹಚ್ಚಿದ್ದರು. ಪ್ಲಾಸ್ಟಿಕ್ ಕರಗಿ ತಾಮ್ರ ಕಾಣುತ್ತಿತ್ತು.

ಲೆಕ್ಕ ಸರಳವಾಗಿದೆ. 55 ವ್ಯಾಟಿನ ಎರಡು ಬಲ್ಬು ಸೇರಿ 110 ವ್ಯಾಟ್; 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. ಅರ್ಧ ಚದರ ಮಿಲಿಮೀಟರಿನ ವೈರಿನಲ್ಲಿ ಆರು ಮೀಟರ್ ಸುತ್ತಿ ಅಷ್ಟು ಕರೆಂಟು ಹರಿದರೆ ದಾರಿಯಲ್ಲೇ ಎರಡು ವೋಲ್ಟಿನಷ್ಟು ಕಳೆದುಹೋಗುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಬೆಳಕಾಗಬೇಕಿದ್ದ ಕರೆಂಟು ನನ್ನ ಮೊಣಕಾಲಿನ ಹತ್ತಿರ ಶಾಖವಾಗುತ್ತಿತ್ತು. ಆ ಜೋಡಣೆಯನ್ನು ಅಂದೇ ಕಿತ್ತುಹಾಕಿದೆ.

ನಾನು ಕಾರಿನ ಮೆಕ್ಯಾನಿಕ್ ಅಲ್ಲ. ಆದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕೂಡಿಸಿ ಇಪ್ಪತ್ತು ವರ್ಷದ ಅಭ್ಯಾಸವಿದೆ. ಸ್ಟಾರ್ಟರಿನ ಹಸಿರು ಗುಂಡಿಯ ಮೂಲಕ ಮೋಟಾರಿನ ಕರೆಂಟು ಹರಿಯುವುದಿಲ್ಲ ಎಂಬುದು ರೈತರಿಗೆ ಗೊತ್ತಿರುವ ವಿಷಯ. ಗುಂಡಿಯು ಒಳಗಿನ ಕಾಯಿಲಿಗೆ, ಅಂದರೆ ಕರೆಂಟು ಹರಿದಾಗ ಆಯಸ್ಕಾಂತವಾಗುವ ತಂತಿಯ ಸುರುಳಿಗೆ, ಜೀವ ಕೊಡುತ್ತದೆ, ಕಾಯಿಲು ದಪ್ಪ ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ, ಮೋಟಾರಿನ ಭಾರವನ್ನು ಅವು ಹೊರುತ್ತವೆ. ಕಾರಿನ ರಿಲೇ ಇದೇ ಸ್ಟಾರ್ಟರಿನ ಬೆಂಕಿಪೊಟ್ಟಣದ ಗಾತ್ರದ ತಮ್ಮ. ಇಷ್ಟು ಹೊಳೆದ ಮೇಲೆ ನನಗೆ ಭಯ ಹೋಯಿತು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ 12 ವೋಲ್ಟಿನ, 30 ಆಂಪಿಯರಿನ ಎರಡು ರಿಲೇ, ಅವುಗಳ ಸಾಕೆಟ್ಟು, 2.5 ಚದರ ಮಿಲಿಮೀಟರಿನ ವೈರು ತಂದೆ. ರಿಲೇಯ ಕೆಳಗೆ ಸಂಖ್ಯೆಗಳಿರುತ್ತವೆ. 85 ಮತ್ತು 86 ಕಾಯಿಲಿನ ಎರಡು ತುದಿ. 30ಕ್ಕೆ ಬ್ಯಾಟರಿಯಿಂದ ದಪ್ಪ ವೈರು ಬರುತ್ತದೆ, 87ರಿಂದ ದೀಪಕ್ಕೆ ಹೋಗುತ್ತದೆ. ಕೆಲವು ರಿಲೇಗಳಲ್ಲಿ ನಡುವೆ 87ಎ ಎಂಬ ಐದನೆಯ ಕಾಲು ಇರುತ್ತದೆ. ರಿಲೇ ಸುಮ್ಮನಿರುವಾಗ 30ರ ಜೊತೆ ಕೂಡಿಕೊಂಡಿರುವುದು ಅದು. ದೀಪವನ್ನು ಅದಕ್ಕೆ ಸಿಕ್ಕಿಸಿದರೆ ಎಲ್ಲವೂ ತಲೆಕೆಳಗು: ಗುಂಡಿ ಒತ್ತಿದಾಗ ದೀಪ ಆರುತ್ತದೆ, ಬಿಟ್ಟಾಗ ಉರಿಯುತ್ತದೆ. ಬೀಗದ ಮೋಟಾರನ್ನು ಹಿಂದೆ ಮುಂದೆ ತಿರುಗಿಸಲು ಈ ಕಾಲು ಬೇಕು, ದೀಪಕ್ಕೆ ಬೇಡ. ಅದಕ್ಕೆ ಟೇಪು ಸುತ್ತಿಬಿಟ್ಟೆ.

ರಿಮೋಟಿನ ಸೂಚನೆ ಹಿಡಿಯಲು ಕಾರಿನೊಳಗೆ ಕೂಡಿಸಿದ್ದ ಪೆಟ್ಟಿಗೆಯ ಜೊತೆಗಿದ್ದ ಕಾಗದವನ್ನು ನಾನು ಓದಿದ್ದು ಅಂಗಡಿಯ ಕೆಲಸ ಕೆಟ್ಟ ಮೇಲೆ. ಮೊದಲೇ ಓದಬೇಕಿತ್ತು. ನಾಲ್ಕನೆಯ ಗುಂಡಿಯ ವೈರು ಪ್ಲಸ್ ಕೊಡುವುದಿಲ್ಲ, ಮೈನಸ್ ಕೊಡುತ್ತದೆ; ಅದೂ 300 ಮಿಲಿ ಆಂಪಿಯರ್ ಮೀರಬಾರದು ಎಂದು ಅದರಲ್ಲಿತ್ತು. ಅಂದರೆ ಕಾಯಿಲಿನ 86ಕ್ಕೆ ಬ್ಯಾಟರಿಯ ಪ್ಲಸ್ ಕೊಟ್ಟಿರಬೇಕು, 85ಕ್ಕೆ ಈ ವೈರು ಬರಬೇಕು. ಮಲ್ಟಿಮೀಟರಿನಲ್ಲಿ ರಿಲೇಯ ಕಾಯಿಲು ಅಳೆದೆ: 85 ಓಮ್. 12.6 ವೋಲ್ಟಿಗೆ 150 ಮಿಲಿ ಆಂಪಿಯರಿನ ಆಸುಪಾಸು. ಒಂದು ರಿಲೇಯನ್ನು ಆ ವೈರು ನೆಮ್ಮದಿಯಾಗಿ ಎಳೆಯಬಲ್ಲದು. ಎರಡನ್ನು ಒಟ್ಟಿಗೆ ಕಟ್ಟಿದರೆ ಮಿತಿಯ ಅಂಚಿಗೆ ಬರುತ್ತದೆ, ಅಲ್ಲಿಗೆ ಹೋಗಬಾರದು. ಹಾಗಾಗಿ ಎರಡೂ ದೀಪಕ್ಕೆ ಒಂದೇ ರಿಲೇ ಹಾಕಿ, ಇನ್ನೊಂದನ್ನು ಆಪತ್ತಿಗೆಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ.

ಎಲ್ಲವನ್ನೂ ಮೊದಲು ಜಗುಲಿಯ ಮೇಲೆ, ಬೈಕಿನ ಹಳೆಯ ಬ್ಯಾಟರಿಗೆ ಕಟ್ಟಿ ನೋಡಿದೆ. ಈ ಎಚ್ಚರಿಕೆ ನನ್ನ ರಿಮೋಟ್ ಪೆಟ್ಟಿಗೆಯನ್ನು ಉಳಿಸಿತು. ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ, ಹಾಕಬೇಕು. 1ಎನ್4007 ಎಂಬ, ಎಲ್ಲ ರೇಡಿಯೊ ರಿಪೇರಿ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ಅದು ಏಕೆ ಬೇಕೆಂದರೆ, ಪಂಪು ಥಟ್ಟನೆ ನಿಂತಾಗ ಪೈಪಿನಲ್ಲಿದ್ದ ನೀರು ಹಿಂದಕ್ಕೆ ನುಗ್ಗಿ ಧಡ್ ಎಂದು ಗುದ್ದುವುದನ್ನು ನೀವು ಕೇಳಿರಬಹುದು. ಕಾಯಿಲಿನ ಕರೆಂಟು ಕಡಿದಾಗಲೂ ಅಂಥದೇ ಗುದ್ದು ಹುಟ್ಟುತ್ತದೆ, ಒಂದು ಕ್ಷಣ ನೂರು ವೋಲ್ಟನ್ನೂ ದಾಟಬಲ್ಲದು. ರಿಮೋಟ್ ಪೆಟ್ಟಿಗೆಯೊಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಆ ಪೆಟ್ಟು ಬೀಳದಂತೆ ಡಯೋಡ್ ಅದನ್ನು ಕಾಯಿಲಿನೊಳಗೇ ತಿರುಗಿಸಿ ತಣಿಸುತ್ತದೆ. ಡಯೋಡಿನ ಬಿಳಿ ಪಟ್ಟಿಯ ತುದಿ ಪ್ಲಸ್ ಕಡೆಗೆ, ನನ್ನ ಜೋಡಣೆಯಲ್ಲಿ 86ರ ಕಡೆಗೆ, ಇರಬೇಕು. ನಾನು ಅದನ್ನು ತಿರುವಿ ಹಾಕಿದ್ದೆ. 85ರ ವೈರನ್ನು ಬ್ಯಾಟರಿಯ ಮೈನಸಿಗೆ ಮುಟ್ಟಿಸುತ್ತಲೇ ಕಿಡಿ ಹಾರಿ ಒಂದು ಆಂಪಿಯರಿನ ಫ್ಯೂಸು ಹೋಯಿತು. ಕೈಯಲ್ಲಿದ್ದ ವೈರಿನ ಜಾಗದಲ್ಲಿ ರಿಮೋಟ್ ಪೆಟ್ಟಿಗೆ ಇದ್ದಿದ್ದರೆ, ಫ್ಯೂಸು ಎಚ್ಚೆತ್ತುಕೊಳ್ಳುವ ಮೊದಲೇ ಟ್ರಾನ್ಸಿಸ್ಟರು ಸತ್ತಿರುತ್ತಿತ್ತು. ಸರಿಪಡಿಸಿ ಮತ್ತೆ ಮುಟ್ಟಿಸಿದೆ. ಟಕ್! ಆ ಸದ್ದು ಕೇಳಿದಾಗ ಆದ ಸಂತೋಷ ಮೊದಲ ಸಲ ಬೋರಿನಲ್ಲಿ ನೀರು ಕಂಡಾಗಿನ ಸಂತೋಷಕ್ಕೆ ಕಡಿಮೆಯದಲ್ಲ.

ಕಾರಿನಲ್ಲಿ ಕೂಡಿಸುವುದು ಒಂದು ಭಾನುವಾರದ ಕೆಲಸ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಪ್ಲಸ್‌ನಿಂದ ಹೊರಟ ದಪ್ಪ ವೈರಿಗೆ ಒಂದು ಗೇಣಿನೊಳಗೇ 15 ಆಂಪಿಯರಿನ ಫ್ಯೂಸು ಹಾಕಿದೆ. ಫ್ಯೂಸಿಗಿಂತ ಹಿಂದಿನ ವೈರಿಗೆ ರಕ್ಷಣೆಯೇ ಇರುವುದಿಲ್ಲವಾದ್ದರಿಂದ ಆ ತುಂಡು ಚಿಕ್ಕದಿದ್ದಷ್ಟೂ ಒಳ್ಳೆಯದು. ಕಾಯಿಲಿನ 86ಕ್ಕೆ ಬೇರೆಯೇ ಒಂದು ಆಂಪಿಯರಿನ ಫ್ಯೂಸು. ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಿದೆ, ಮಳೆನೀರು ನಿಲ್ಲಬಾರದು. ಬಾನೆಟ್ಟಿನಿಂದ ಒಳಕ್ಕೆ ಹೋಗುವ ಸಣ್ಣ ವೈರನ್ನು ಕಾರಿನದೇ ರಬ್ಬರ್ ಬಿಲ್ಲೆಯ ಮೂಲಕ ತೂರಿಸಿದೆ. ತಗಡಿನ ತೂತಿನಲ್ಲಿ ಬರಿದಾಗಿ ಬಿಟ್ಟರೆ ಅಲುಗಾಡಿ ಅಲುಗಾಡಿ ಒಂದು ದಿನ ಕತ್ತರಿಸಿಹೋಗುತ್ತದೆ. ದೀಪದ ಅರ್ತ್, ಅಂದರೆ ಕಾರಿನ ತಗಡಿನ ಮೂಲಕ ಬ್ಯಾಟರಿಯ ಮೈನಸಿಗೆ ಮರಳುವ ವೈರು, ಕೂಡಿಸುವ ಕಡೆ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ, ಬೋಲ್ಟು ಬಿಗಿದು ಗ್ರೀಸು ಸವರಿದೆ. ಕಬ್ಬಿನ ಸೀಮೆಯಲ್ಲಿ ಇಲಿಗಳಿಗೆ ವೈರೆಂದರೆ ಬಲು ಪ್ರೀತಿ, ಆದ್ದರಿಂದ ಎಲ್ಲಕ್ಕೂ ಸುರುಳಿ ಪೈಪು ತೊಡಿಸಿದೆ. ಏರ್‌ಬ್ಯಾಗ್ ಇರುವ ಹೊಸ ಕಾರಿನವರು ಹಳದಿ ಕವಚದ ವೈರುಗಳನ್ನು ಮುಟ್ಟಲೇಬಾರದು, ಟೆಸ್ಟ್ ಲ್ಯಾಂಪಿನಿಂದ ಚುಚ್ಚಲೂಬಾರದು.

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9, ಬಲ್ಬಿನ ಹತ್ತಿರ 13.6 ವೋಲ್ಟ್ ತೋರಿಸಿತು. ಆ ರಾತ್ರಿ ಬದುವಿನ ತುದಿಯಲ್ಲಿ ನಿಂತು ಗುಂಡಿ ಒತ್ತಿದೆ. ಕಬ್ಬಿನ ಸಾಲುಗಳ ಬುಡದವರೆಗೂ ಬೆಳಕು ಹರಿಯಿತು.

ಆದರೆ ಒಂದು ವಿಷಯ ನಾನು ಯೋಚಿಸಿರಲಿಲ್ಲ. ಒಂದು ಒತ್ತಿಗೆ ಹತ್ತುವುದು, ಇನ್ನೊಂದು ಒತ್ತಿಗೆ ಆರುವುದು, ಹೀಗೆ ಪೆಟ್ಟಿಗೆಯನ್ನು ಹೊಂದಿಸಿದ್ದೆ. ಹತ್ತು ದಿನ ಕಳೆದ ಮೇಲೆ ಒಂದು ರಾತ್ರಿ ಗದ್ದೆಯಿಂದ ಬಂದು ಮಲಗುವಾಗ, ಜೇಬಿನಲ್ಲಿದ್ದ ಟಾರ್ಚು ರಿಮೋಟಿನ ಗುಂಡಿಯನ್ನು ಅದುಮಿರಬೇಕು. ಕಾರು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತಿತ್ತು, ಯಾರಿಗೂ ಕಾಣಲಿಲ್ಲ. 9 ಆಂಪಿಯರ್ ಹರಿಯುತ್ತಲೇ ಇದ್ದು, 35 ಆಂಪಿಯರ್ ಅವರ್‌ನ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಬ್ಯಾಟರಿ ನಾಲ್ಕು ಗಂಟೆಯಲ್ಲಿ ಬತ್ತಿಹೋಯಿತು. ಬೆಳಿಗ್ಗೆ ಅಮ್ಮನನ್ನು ಕಣ್ಣಿನ ತಪಾಸಣೆಗೆ ಮೈಸೂರಿಗೆ ಕರೆದೊಯ್ಯಬೇಕಿತ್ತು. ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್. ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಚಾಲೂ ಮಾಡಿದ್ದಾಯಿತು, ಆದರೆ ಹಾಗೆ ಪೂರ್ತಿ ಬರಿದಾದ ಬ್ಯಾಟರಿ ಮೊದಲಿನ ಕಸುವಿಗೆ ಮರಳುವುದಿಲ್ಲ.

ಆ ವಾರವೇ ನಡುವೆ ಒಂದು ಟೈಮರ್ ಸೇರಿಸಿದೆ, ಮೈನಸ್ ಸೂಚನೆಗೆ ಕೆಲಸ ಮಾಡುವಂಥದ್ದು. ಪೆಟ್ಟಿಗೆಯ ಜಂಪರ್ (ಕೆಲಸದ ಬಗೆಯನ್ನು ಆರಿಸುವ ಪುಟ್ಟ ಕೊಂಡಿ) ಬದಲಿಸಿ, ಗುಂಡಿ ಒತ್ತಿದರೆ ಒಂದು ಕ್ಷಣದ ಸೂಚನೆ ಮಾತ್ರ ಹೊರಡುವಂತೆ ಮಾಡಿದೆ. ಟೈಮರ್ ಆ ಸೂಚನೆ ಹಿಡಿದು ರಿಲೇಯ 85ನ್ನು ಎರಡು ನಿಮಿಷ ಅರ್ತ್ ಮಾಡಿ ಬಿಡುತ್ತದೆ. ಬದು ದಾಟಲು ಎರಡು ನಿಮಿಷ ಸಾಕು; ಸಾಲದಿದ್ದರೆ ಇನ್ನೊಮ್ಮೆ ಒತ್ತುತ್ತೇನೆ. ಈಗ ಜೇಬಿನಲ್ಲಿ ತಪ್ಪಿ ಅದುಮಿದರೂ ಒಂದು ಸಲಕ್ಕೆ ಹೋಗುವುದು 0.3 ಆಂಪಿಯರ್ ಅವರ್.

ಕಾರು ಮಲಗಿರುವಾಗ ಏನು ಕುಡಿಯುತ್ತದೆ ಎಂಬುದನ್ನೂ ಆಗಲೇ ಅಳೆದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಮಲ್ಟಿಮೀಟರಿನ 10 ಆಂಪಿಯರಿನ ತೂತಿಗೆ ವೈರು ಹಾಕಿ ನಡುವೆ ಸೇರಿಸಿ, ಬಾಗಿಲು ಲಾಕ್ ಮಾಡಿ ಹತ್ತು ನಿಮಿಷ ಕಾದೆ. ಆ ಹೊತ್ತಿನಲ್ಲಿ ಇಂಜಿನ್ ಚಾಲೂ ಮಾಡಲು ಹೋದರೆ ಮೀಟರಿನ ಫ್ಯೂಸು ಸುಡುತ್ತದೆ. 22 ಮಿಲಿ ಆಂಪಿಯರ್ ತೋರಿಸಿತು, ದಿನಕ್ಕೆ ಅರ್ಧ ಆಂಪಿಯರ್ ಅವರ್‌ಗಿಂತ ತುಸು ಹೆಚ್ಚು. 50 ಮಿಲಿ ಆಂಪಿಯರ್ ದಾಟಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿದ್ದೆ.

ಕೊನೆಗೆ ಮಗಳ ನೋಟ್‌ಪುಸ್ತಕದ ಒಂದು ಹಾಳೆಯಲ್ಲಿ ಪೂರ್ತಿ ನಕ್ಷೆ ಬರೆದೆ: ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸು ಎಷ್ಟರದು, ಡಯೋಡಿನ ಪಟ್ಟಿ ಯಾವ ಕಡೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಖಾನೆಯಲ್ಲಿ, ಹೆಚ್ಚುವರಿ ರಿಲೇಯ ಜೊತೆಗೇ ಇಟ್ಟಿದ್ದೇನೆ. ನಾಳೆ ಯಾರೇ ಆ ಮುಚ್ಚಳ ಬಿಚ್ಚಿದರೂ ಅವರು ಊಹೆಯ ಮೇಲೆ ವೈರು ಸುಲಿಯಬೇಕಾಗಿಲ್ಲ.