ಹಾವು ಕಚ್ಚಿದ್ದು ಒಬ್ಬರಿಗೆ, ಲೆಕ್ಕದಲ್ಲಿ ಮೂವರು: ರಾಜ್ಯದ ಆಸ್ಪತ್ರೆ ದಾಖಲೆ ಕಲೆಹಾಕುವ ಬಗೆ

ಹೊಲದಲ್ಲಿ ಒಬ್ಬರಿಗೆ ಹಾವು ಕಚ್ಚಿತು ಅಂದುಕೊಳ್ಳಿ. ಮೊದಲು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕರೆದೊಯ್ಯುತ್ತಾರೆ, ಅಲ್ಲಿ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಹಾಕಿ ತಾಲೂಕು ಆಸ್ಪತ್ರೆಗೆ ಕಳಿಸುತ್ತಾರೆ, ಉಸಿರಾಟಕ್ಕೆ ತೊಂದರೆಯಾದರೆ ಅಲ್ಲಿಂದ ಜಿಲ್ಲಾಸ್ಪತ್ರೆಗೆ. ಮೂರೂ ಕಡೆ ರಿಜಿಸ್ಟರಿನಲ್ಲಿ ಹೆಸರು ಬೀಳುತ್ತದೆ. ತಿಂಗಳ ಕೊನೆಗೆ ಸುಮ್ನೆ ಕೂಡಿಸಿದರೆ ಮೂವರು. ಕಚ್ಚಿಸಿಕೊಂಡವರು ಒಬ್ಬರೇ ಅಲ್ವಾ?

ಅದಕ್ಕೇ ಎಣಿಸುವುದು ಏನನ್ನು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಎಷ್ಟು ಬೆಡ್ ಬೇಕು ಅನ್ನೋ ಪ್ರಶ್ನೆಯಾದರೆ ಮೂರು ದಾಖಲಾತಿಯೂ ಬೇಕು. ಕಾಯಿಲೆ ಎಷ್ಟು ಜನರಿಗಿದೆ ಅನ್ನೋದಾದರೆ ಒಂದೇ. 2008ರಿಂದ ಇರುವ ಎಚ್‌ಎಂಐಎಸ್‌ನಲ್ಲಿ (ಸರ್ಕಾರದ ಆರೋಗ್ಯ ಮಾಹಿತಿ ವ್ಯವಸ್ಥೆ) ಸಿಗುವುದು ಆಸ್ಪತ್ರೆವಾರು ತಿಂಗಳ ಮೊತ್ತ ಮಾತ್ರ, ಅದರಿಂದ ಇದನ್ನು ಬಿಡಿಸಲು ಆಗುವುದಿಲ್ಲ. ಪ್ರತಿ ರೋಗಿಗೆ ಒಂದು ಸಾಲು ಇರಲೇಬೇಕು.

ಆ ಸಾಲನ್ನು ಡಿಸ್ಚಾರ್ಜ್ ಆದಮೇಲೆ ತುಂಬಿ. ಅಡ್ಮಿಟ್ ಮಾಡುವಾಗ 'ಜ್ವರ' ಅಂತ ಬರೆದದ್ದು ಮೂರನೇ ದಿನ ಡೆಂಗಿ ಆಗಿರುತ್ತದೆ. ವಯಸ್ಸು, ಲಿಂಗ, ಬಂದ ದಿನ, ಹೋದ ದಿನ, ಮುಖ್ಯ ಕಾಯಿಲೆ, ಎಲ್ಲಿಂದ ರೆಫರ್ ಆಗಿ ಬಂದರು, ಎಲ್ಲಿಗೆ ಹೋದರು, ಕೊನೆಗೆ ಏನಾಯಿತು, ಇಷ್ಟು ಸಾಕು. ಕಾಲಂ ಜಾಸ್ತಿ ಮಾಡಿದಷ್ಟೂ ಖಾಲಿ ಜಾಸ್ತಿ. ಆದರೆ ರೋಗಿಯ ಊರು ಮಾತ್ರ ಬಿಡಬೇಡಿ. ನಾನು ನೋಡಿದ ಒಂದು ಫೈಲಿನಲ್ಲಿ ಆರು ತಿಂಗಳಲ್ಲಿ ಬಂದ ರೋಗಿಗಳೆಲ್ಲ ಒಂದೇ ಪಿನ್‌ಕೋಡಿನವರು! ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಅಂತ ಆಪರೇಟರ್ ಆಸ್ಪತ್ರೆಯ ಪಿನ್‌ಕೋಡನ್ನೇ ಹಾಕಿಬಿಟ್ಟಿದ್ದರು. ಪಾಪ, ಅವರ ತಪ್ಪೇನಿಲ್ಲ, 'ಗೊತ್ತಿಲ್ಲ' ಅನ್ನೋ ಆಯ್ಕೆ ಇಡದವರ ತಪ್ಪು. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದಲೂ ಜನ ಬರುತ್ತಾರೆ, ಊರು ಇಲ್ಲದಿದ್ದರೆ ಅವರೆಲ್ಲ ದಕ್ಷಿಣ ಕನ್ನಡದ ಲೆಕ್ಕಕ್ಕೆ ಸೇರುತ್ತಾರೆ.

ಕಾಯಿಲೆಗೆ ಐಸಿಡಿ-10 ಕೋಡ್ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿಯ ಸಂಕೇತ) ಹಾಕಿಸಿ. ಮಂಗನ ಕಾಯಿಲೆಗೆ ಎ98.2, ಹಾವಿನ ವಿಷಕ್ಕೆ ಟಿ63.0. ಡೆಂಗಿಯಲ್ಲಿ ಹುಷಾರು: ಹಳೇ ಪಟ್ಟಿಯಲ್ಲಿ ಎ90, ಎ91, ಈಚಿನದರಲ್ಲಿ ಎ97. ಒಂದನ್ನೇ ಹುಡುಕಿದರೆ ಡೆಂಗಿ ಇದ್ದಕ್ಕಿದ್ದಂತೆ ಕಡಿಮೆಯಾದಂತೆ ಕಾಣುತ್ತದೆ.

ಖಾಸಗಿ ಆಸ್ಪತ್ರೆಗಳೇ ಕಷ್ಟದ ಭಾಗ. ಚಿಕಿತ್ಸೆ ವೆಚ್ಚ ಭರಿಸುವ ಸರ್ಕಾರಿ ಯೋಜನೆಯಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕ್ಲೇಮ್‌ಗಳಿಂದ ಒಂದಿಷ್ಟು ಸಿಗುತ್ತದೆ, ಆದರೆ ಕೈಯಿಂದ ದುಡ್ಡು ಕಟ್ಟಿದವರು ಅದರಲ್ಲಿರುವುದಿಲ್ಲ. ಹಾವು ಕಡಿತವನ್ನಂತೂ ರಾಜ್ಯ ಸರ್ಕಾರ 2024ರಲ್ಲಿ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು, ಖಾಸಗಿಯವರೂ ಕೊಡಬೇಕು.

ಇನ್ನು ಆ ಮೂವರನ್ನು ಒಬ್ಬರನ್ನಾಗಿ ಮಾಡುವ ಕೆಲಸ. ಹೆಸರನ್ನೇ ನಂಬಬೇಡಿ: ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್, ಮತ್ತೊಂದು ಕಡೆ ಬರೀ ಮಂಜು. ವಯಸ್ಸೂ ಅಂದಾಜು, ಬಹಳ ಜನ 40 ಇಲ್ಲ 45 ಅಂತಾರೆ. ಊರು, ಲಿಂಗ, ಎರಡು ಮೂರು ವರ್ಷ ಹೆಚ್ಚುಕಮ್ಮಿ ವಯಸ್ಸು, ಜೊತೆಗೆ ಒಂದು ಕಡೆಯಿಂದ ಹೊರಟು ಒಂದು ದಿನದೊಳಗೆ ಇನ್ನೊಂದು ಕಡೆ ಸೇರಿದ್ದು, ಇಷ್ಟೂ ಕೂಡಿದರೆ ಒಬ್ಬರೇ ಅಂತ ಹಿಡಿಯಬಹುದು. 14 ಅಂಕಿಯ ಆಭಾ ನಂಬರ್ (ಪ್ರತಿಯೊಬ್ಬರಿಗೂ ಸಿಗುವ ಆರೋಗ್ಯ ಖಾತೆ ಸಂಖ್ಯೆ) ಇದ್ದರೆ ಕೆಲಸ ಸಲೀಸು. ಜೋಡಿಸಿದ ಮೇಲೆ ಹೆಸರು, ಫೋನ್ ತೆಗೆದು ಬೇರೆ ಕಡೆ ಬೀಗ ಹಾಕಿಡಿ. ಸಂಶೋಧನೆಗಾದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ಬೇಕು.

ಎಲ್ಲ 31 ಜಿಲ್ಲೆಗೆ ಒಮ್ಮೆಲೇ ಫಾರಂ ಕಳಿಸಬೇಡಿ. ಒಂದು ತಾಲೂಕು ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋಗಿ, ಕಣ್ಣುಮುಚ್ಚಿ 50 ಕೇಸ್ ಶೀಟ್ ಎಳೆದು, ಕಂಪ್ಯೂಟರಿನಲ್ಲಿರುವುದರ ಜೊತೆ ಒಂದೊಂದೇ ತಾಳೆ ನೋಡಿ.